ಸೆಕ್ಯುರಿಟಿ ಕೋಡ್‌ನಲ್ಲಿ ಬರೀ ಕಾಮೆಂಟ್ ಸರಿಮಾಡಿದರೆ ಉಪಯೋಗ ಇದೆಯಾ?

ಜಾವಾದ ಸೆಕ್ಯುರಿಟಿ ಲೈಬ್ರರಿಯಲ್ಲಿ ಡಾಕ್ ಕಾಮೆಂಟ್‌ಗಳನ್ನು (ಕೋಡ್ ಏನು ಮಾಡುತ್ತದೆ ಅಂತ ಅದರ ಜೊತೆಗೇ ಬರೆದಿರುವ ವಿವರಣೆ) ಮಾತ್ರ ಸರಿಮಾಡಿ, ಜಾವಾದ ಓಪನ್ ಸೋರ್ಸ್ ಪ್ರಾಜೆಕ್ಟ್ ಆದ ಓಪನ್‌ಜೆಡಿಕೆಗೆ ಪ್ಯಾಚ್ (ತಿದ್ದುಪಡಿ) ಕಳಿಸಬಹುದಾ, ಇಲ್ಲಾ ಸುಮ್ನೆ ಟೈಮ್ ವೇಸ್ಟಾ ಅಂತ ಕೇಳಿದ್ದೀರಿ. ಖಂಡಿತ ಕಳಿಸಿ. ಆದರೆ 'ಬರೀ ಕಾಮೆಂಟ್ ತಾನೇ' ಅಂದುಕೊಂಡು ಕೈ ಹಾಕಬೇಡಿ. ಇಲ್ಲಿ ಕಾಮೆಂಟೇ ಕರಾರು. ಲೈಬ್ರರಿ ಬಳಸುವ ಹೆಚ್ಚಿನವರು ಒಳಗಿನ ಕೋಡ್ ತೆರೆಯುವುದಿಲ್ಲ, ಆ ಕಾಮೆಂಟ್‌ಗಳಿಂದ ತಯಾರಾಗುವ ಜಾವಾಡಾಕ್ ಪುಟ ಓದಿ ನಂಬುತ್ತಾರೆ.

ಸುಲಭದ ಕೆಲಸ ಅಂದರೆ ಹಳೇ ಟ್ಯಾಗ್‌ಗಳು. ಎಚ್‌ಟಿಎಂಎಲ್ 5ರಲ್ಲಿ, ಕೋಡ್‌ನ ಪದಗಳನ್ನು ಬೇರೆ ಅಕ್ಷರಶೈಲಿಯಲ್ಲಿ ತೋರಿಸುತ್ತಿದ್ದ 'ಟಿಟಿ' ಟ್ಯಾಗ್‌ಗೆ ಜಾಗ ಇಲ್ಲ. ಅದರ ಬದಲು ಜಾವಾ 5ರಿಂದಲೇ ಇರುವ ಜಾವಾಡಾಕ್‌ನ 'ಕೋಡ್' ಟ್ಯಾಗ್ ಹಾಕಬೇಕು. ಇದು ಬರೀ ಅಂದಕ್ಕಲ್ಲ. ಹಳೇ ಟ್ಯಾಗ್‌ನೊಳಗೆ ಲಿಸ್ಟ್<ಸ್ಟ್ರಿಂಗ್> ಅಂತ ಹಾಗೇ ಬರೆದರೆ, ಬ್ರೌಸರ್ ಆ ಸ್ಟ್ರಿಂಗನ್ನೂ ಒಂದು ಟ್ಯಾಗ್ ಅಂದುಕೊಂಡು ನುಂಗಿಬಿಡುತ್ತದೆ. ಓದುವವರಿಗೆ ಲಿಸ್ಟ್ ಅಷ್ಟೇ ಕಾಣುತ್ತದೆ.

ಕಷ್ಟ ಇರುವುದು ವಾಕ್ಯ ತಿದ್ದುವಾಗ. ಸೆಕ್ಯೂರ್‌ರ‍್ಯಾಂಡಮ್ ಕ್ಲಾಸ್‌ನ ಸೆಟ್‌ಸೀಡ್ ನೋಡಿ. ಈ ಕ್ಲಾಸ್ ಊಹಿಸಲಾಗದ ಸಂಖ್ಯೆಗಳನ್ನು ಕೊಡುತ್ತದೆ; ಅದಕ್ಕೆ ಶುರುವಿನಲ್ಲಿ ಕೊಡುವ ಬೆಲೆಯೇ ಸೀಡ್. ಹೊಸ ಸೀಡ್ ಹಳೆಯದರ ಜೊತೆ ಸೇರುತ್ತದೆ, ಹಳೆಯದನ್ನು ತೆಗೆದುಹಾಕುವುದಿಲ್ಲ ಅಂತ ಅಲ್ಲಿದೆ. ಅದರ ಕೆಳಗೇ ಇನ್ನೊಂದು ಮಾತು: ಮೊದಲ ಸಲ ಬೈಟ್ ಕೇಳುವುದಕ್ಕೂ ಮುಂಚೆಯೇ ನೀವು ಸೆಟ್‌ಸೀಡ್ ಕರೆದರೆ, ಅದು ಪಿಆರ್‌ಎನ್‌ಜಿ (ಸೀಡ್‌ನಿಂದ ಲೆಕ್ಕ ಹಾಕಿ ಸಂಖ್ಯೆ ಕೊಡುವ ಬಗೆ) ಆಗಿದ್ದರೆ ತಾನಾಗಿ ಸೀಡ್ ಹಾಕಿಕೊಳ್ಳುವುದಿಲ್ಲ. ಈ ಕ್ಲಾಸನ್ನು ಒಳಗಿಟ್ಟುಕೊಂಡು ಬಳಸುವ ನಮ್ಮ ಟೀಮ್‌ನ ರ‍್ಯಾಪರ್ ಕ್ಲಾಸ್‌ನಲ್ಲೂ ಇದೇ ಕಾಮೆಂಟ್ ಇತ್ತು. ಎರಡನೇ ವಾಕ್ಯ ಮೊದಲನೆಯದಕ್ಕೆ ಅಡ್ಡ ಬರುತ್ತಿದೆ ಅನ್ನಿಸಿ ನಾನು ಅಳಿಸಿದ್ದೆ. ರಿವ್ಯೂನಲ್ಲಿ ಹಿರಿಯರೊಬ್ಬರು ತಡೆದರು. ಆ ಸಾಲಿಲ್ಲದಿದ್ದರೆ ಮುಂದೆ ಯಾರೋ ಒಬ್ಬರು 'ಹೇಗೂ ಜೊತೆಗೆ ಸೇರುತ್ತಲ್ಲ' ಅಂತ ಈಗಿನ ಗಂಟೆ-ನಿಮಿಷವನ್ನೇ ಸೀಡ್ ಮಾಡಿ ಕೊಡಬಹುದು. ಆಗ ಆ ಸಂಖ್ಯೆಗಳಿಂದ ಹುಟ್ಟುವ ರಹಸ್ಯ ಕೀಯನ್ನು ಊಹಿಸುವುದು ಕಷ್ಟವೇನಲ್ಲ, ಅಲ್ವಾ?

ಇನ್ನೊಂದು ಮೆಸೇಜ್‌ಡೈಜೆಸ್ಟ್‌ನ ಈಸ್‌ಈಕ್ವಲ್. ಎರಡು ಡೈಜೆಸ್ಟ್ (ಡೇಟಾದಿಂದ ಲೆಕ್ಕ ಹಾಕಿದ ಗುರುತಿನ ಬೈಟ್‌ಗಳು) ಒಂದೇನಾ ಅಂತ ಇದು ಹೋಲಿಸುತ್ತದೆ. ಹಿಂದೆ ಇದು ಮೊದಲ ಬೈಟ್ ತಪ್ಪಿದ ಕೂಡಲೇ 'ಅಲ್ಲ' ಅಂತ ವಾಪಸ್ ಬರುತ್ತಿತ್ತು. ಎಷ್ಟು ಹೊತ್ತಾಯಿತು ಅಂತ ಅಳೆದು, ಸರಿಯಾದ ಡೈಜೆಸ್ಟನ್ನು ಒಂದೊಂದೇ ಬೈಟ್ ಕಂಡುಹಿಡಿಯಲು ದಾರಿ ಇತ್ತು. 2009ರಲ್ಲಿ, ಜಾವಾ 6ರ 17ನೇ ಅಪ್‌ಡೇಟ್‌ನಲ್ಲಿ, ಅದನ್ನು ಮುಚ್ಚಿದರು. ಈಗಿನ ಕಾಮೆಂಟ್‌ನಲ್ಲಿ ಮೊದಲನೇ ಅರೇಯ (ಬೈಟ್‌ಗಳ ಸಾಲಿನ) ಎಲ್ಲ ಬೈಟ್‌ಗಳನ್ನೂ ನೋಡುತ್ತೇವೆ, ಹಿಡಿಯುವ ಸಮಯ ಅದರ ಉದ್ದದ ಮೇಲೆ ಮಾತ್ರ ನಿಂತಿದೆ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಕಾಮೆಂಟ್ ಉದ್ದ ಜಾಸ್ತಿಯಾಯಿತು ಅಂತ ಅದನ್ನು 'ಎರಡು ಅರೇ ಹೋಲಿಸುತ್ತದೆ' ಅಂತ ಚಿಕ್ಕದು ಮಾಡಿದರೆ, ನಾಳೆ ಸ್ಪೀಡ್ ಹೆಚ್ಚಿಸಲು ಹೊರಟವರಿಗೆ ಆ ಲೂಪ್ ಯಾಕೆ ಕೊನೇವರೆಗೂ ಓಡುತ್ತದೆ ಅಂತ ಗೊತ್ತಾಗುವುದೇ ಇಲ್ಲ.

ಅದಕ್ಕೇ ಪ್ಯಾಚನ್ನು ಎರಡು ಮಾಡಿ. ಟ್ಯಾಗ್ ಬದಲಾವಣೆ ಒಂದರಲ್ಲಿ, ಮಾತಿನ ಬದಲಾವಣೆ ಇನ್ನೊಂದರಲ್ಲಿ. ಮೊದಲನೆಯದಕ್ಕೆ ಡಾಕ್‌ಲಿಂಟ್ (ಡಾಕ್ ಕಾಮೆಂಟ್‌ನ ತಪ್ಪು ಹುಡುಕುವ ಸಾಧನ) ಓಡಿಸಿ, ಹಿಂದಿನ ಮತ್ತು ಈಗಿನ ಪುಟಗಳನ್ನು ಪಕ್ಕಪಕ್ಕ ಇಟ್ಟು ಓದಿ. ನುಂಗಿಹೋಗಿದ್ದ ಪದ ವಾಪಸ್ ಬಂದಿರಬಹುದು, ಬೇರೆ ಒಂದು ಪದವೂ ಬದಲಾಗಿರಬಾರದು. ಎರಡನೆಯದರಲ್ಲಿ ಕರಾರಿನ ಅರ್ಥ ಬದಲಾಗುವುದಿದ್ದರೆ ಸಿಎಸ್‌ಆರ್ ಅನ್ನುವ ಬೇರೆ ಪರಿಶೀಲನೆ ಬೇಕಾಗುತ್ತದೆ. ಹೊಸಬರು ಓರಾಕಲ್‌ನ ಕಾಂಟ್ರಿಬ್ಯೂಟರ್ ಒಪ್ಪಂದಕ್ಕೂ ಸಹಿ ಹಾಕಬೇಕು.

ಶುರುವಿಗೆ ಒಂದೇ ಒಂದು ಕ್ಲಾಸ್ ಹಿಡಿಯಿರಿ. ಯಾವುದು ಅಂತ ಇಲ್ಲೇ ತಿಳಿಸಿ, ಕಳಿಸುವ ಮುಂಚೆ ಡಿಫ್ (ಏನೇನು ಬದಲಾಯಿತು ಅನ್ನುವ ಪಟ್ಟಿ) ನಾನೂ ಒಮ್ಮೆ ಓದುತ್ತೇನೆ.