ಕಾಸರಗೋಡಲ್ಲಿ ಕನ್ನಡ ಮಾತಾಡಿದ್ರೆ ಹೊಡೀತಾರಾ ಅಂತ ಕೇಳಿದವರಿಗೆ

ಕರ್ನಾಟಕದ ಗಡಿಗೆ ತಾಗಿದ ಕೇರಳದ ಜಿಲ್ಲೆ ನಮ್ಮ ಕಾಸರಗೋಡು. ಇಲ್ಲಿ ಕನ್ನಡ ಮಾತಾಡಿದ್ರೆ ಹೊಡೀತಾರಾ ಅಂತ ಕೇಳಿದ್ರಿ, ಸಿನೆಮಾ ಬಗ್ಗೆ ಕೇಳಿದ್ರಿ, ನಾವು ಎಂತ ಮಾಡಬಹುದು ಅಂತಲೂ ಕೇಳಿದ್ರಿ. ಇಲ್ಲ ಮಾರಾಯ್ರೆ, ಯಾರೂ ಹೊಡಿಯುದಿಲ್ಲ. ನೀವು ತುಮಕೂರಲ್ಲಿ ಕೂತು ಟಿವಿ ನೋಡುವಾಗ ಹಾಗೆ ಅನಿಸಿದ್ರೆ ಅದು ನಿಮ್ಮ ತಪ್ಪಲ್ಲ, ಯಾಕಂದ್ರೆ ನಮ್ಮ ಸುದ್ದಿ ಘಟ್ಟದ ಮೇಲೆ ಬರುದೇ ಗಲಾಟೆ ಇದ್ದಾಗ ಮಾತ್ರ, ಅದೂ ಕೆಂಪು ಅಕ್ಷರದಲ್ಲಿ. ಆದ್ರೆ ನೀವು ಉಪ್ಪಳದ ಮೀನು ಮಾರ್ಕೆಟಿಗೆ ಒಮ್ಮೆ ಬೆಳಿಗ್ಗೆ ಬಂದು ನಿಲ್ಲಬೇಕು. ಮಾರುವವ ಬ್ಯಾರಿಯಲ್ಲಿ ರೇಟ್ ಹೇಳ್ತಾನೆ, ತಗೊಳ್ಳುವವರು ತುಳುವಲ್ಲಿ ಚೌಕಾಸಿ ಮಾಡ್ತಾರೆ, ಪಕ್ಕದಲ್ಲಿ ನಿಂತ ಚೇಚಿ, ಅಂದ್ರೆ ಮಲಯಾಳಿ ಅಕ್ಕ, ಮಲಯಾಳದಲ್ಲಿ ಬೂತಾಯಿ ಇವತ್ತಿನದ್ದಾ ನಿನ್ನೆದ್ದಾ ಅಂತ ವಿಚಾರಿಸ್ತಾರೆ, ನಾವು ಕನ್ನಡದಲ್ಲಿ ಕೇಳಿದ್ರೆ ಅವ ಕನ್ನಡದಲ್ಲೇ ಹೇಳ್ತಾನೆ. ಕೊಂಕಣಿ, ಮರಾಠಿ, ಉರ್ದು ಮಾತಾಡುವವರೂ ಉಂಟು. ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳುದು ಇದನ್ನೇ, ಆದ್ರೆ ನಮಗೆ ಅದು ಭಾಷಣ ಅಲ್ಲ, ದಿನದ ವ್ಯಾಪಾರ.

ಹಾಗಾದ್ರೆ ಕಷ್ಟ ಇಲ್ವಾ ಅಂತ ಕೇಳಿದ್ರೆ, ಉಂಟು. ಬೇರೆ ಥರದ್ದು. ಅದನ್ನು ಹೇಳ್ಲಿಕ್ಕೇ ಇಷ್ಟುದ್ದ ಬರೀತಾ ಇದ್ದೇನೆ.

ಮೊದಲು ಹಿಂದಿನ ಕತೆ ಚೂರು. ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು ಆಗಿತ್ತು, 1956 ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ನಿಮಗೆ ರಾಜ್ಯೋತ್ಸವದ ದಿನ, ಇಲ್ಲಿಯ ಶಾಲೆಗಳಲ್ಲಿ ಅದೇ ದಿನ ಕೇರಳ ಪಿರವಿ, ಅಂದ್ರೆ ಕೇರಳ ಹುಟ್ಟಿದ ದಿನ, ನಮ್ಮ ಹಿರಿಯರಿಗೆ ಅದು ತಾಯಿಮನೆ ತಪ್ಪಿದ ದಿನ. 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರ್ಬೇಕು ಅಂತ ಹೇಳಿತು, ವರದಿ ಹಾಗೇ ಉಳಿಯಿತು. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯೇ ಆಯ್ತು. ಇಲ್ಲಿಯ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ತೀರಿಹೋದ್ರು, ಕಾಸರಗೋಡು ಕರ್ನಾಟಕಕ್ಕೆ ಸೇರ್ಬೇಕು ಅಂತಲೇ ಕಡೆವರೆಗೂ ಅವರ ಆಸೆ ಆಗಿತ್ತು. ನನ್ನ ಪ್ರಾಯದವರಲ್ಲಿ ಗಡಿ ಬದಲಾಗ್ತದೆ ಅಂತ ಕಾಯುವವರು ಕಮ್ಮಿ. ಇದನ್ನು ಹೇಳಿದ್ರೆ ಕೆಲವರಿಗೆ ಬೇಜಾರಾಗ್ತದೆ, ಆದ್ರೆ ಇದ್ದದ್ದು ಹೀಗೆ.

ಈಗ ಸುದ್ದಿಗೆ ಬರ್ತೇನೆ. 2017ರಲ್ಲಿ ಹತ್ತನೇ ಕ್ಲಾಸಿನವರೆಗೆ ಮಲಯಾಳ ಕಲಿಕೆ ಕಡ್ಡಾಯ ಅಂತ ಕಾನೂನು ಬಂದಾಗ ಇಲ್ಲಿ ಪ್ರತಿಭಟನೆ ಆಯ್ತು. 2021ರಲ್ಲಿ ಊರಿನ ಹೆಸರುಗಳನ್ನು ಮಲಯಾಳಕ್ಕೆ ಬದಲಾಯಿಸ್ತಾರೆ ಅಂತ ದೊಡ್ಡ ಸುದ್ದಿ, ಕರ್ನಾಟಕದ ನಾಯಕರೆಲ್ಲ ಹೇಳಿಕೆ ಕೊಟ್ರು, ಕೇರಳದವರು ಅಂಥ ಪ್ರಸ್ತಾಪವೇ ಇಲ್ಲ ಅಂದ್ರು. 2025ರಲ್ಲಿ ಕೇರಳ ವಿಧಾನಸಭೆ ಮಲಯಾಳ ಭಾಷಾ ಮಸೂದೆ ಪಾಸ್ ಮಾಡಿತು, ಆಮೇಲೆ ಸಿದ್ದರಾಮಯ್ಯನವರು ವಿರೋಧಿಸಿ ಪತ್ರ ಬರೆದ್ರು, ಪಿಣರಾಯಿ ವಿಜಯನ್ ಭಾಷಾ ಅಲ್ಪಸಂಖ್ಯಾತರಿಗೆ ರಕ್ಷಣೆ ಉಂಟು ಅಂತ ಉತ್ತರ ಕೊಟ್ರು. ಆ ವಾರ ನಮಗೆಲ್ಲ ಫೋನೇ ಫೋನು.

ನಿಜ ಹೇಳ್ಬೇಕಂದ್ರೆ ರಕ್ಷಣೆ ಪೇಪರಲ್ಲಿ ಮೊದಲಿಂದಲೂ ಉಂಟು. ಸಂವಿಧಾನದ 350ಎ ವಿಧಿ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡ್ಬೇಕು ಅಂತದೆ. ಕೇರಳದ್ದೇ 1969ರ ರಾಜಭಾಷಾ ಕಾನೂನಿನ ಪ್ರಕಾರ ನಾವು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರ ಕೂಡ ಕನ್ನಡದಲ್ಲಿ ಬರ್ಬೇಕು. ಕನ್ನಡ ಮಾಧ್ಯಮದ ಶಾಲೆಗಳು ಉಂಟು, ಪಠ್ಯಪುಸ್ತಕ ಕನ್ನಡದಲ್ಲಿ ಪ್ರಿಂಟಾಗಿ ಬರ್ತದೆ, ಎಸ್ಎಸ್ಎಲ್‌ಸಿ ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು. ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ 2021ರಲ್ಲಿ ತಿರುವನಂತಪುರದ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತಗೊಂಡ್ರು, ಅವರು ಮುಸ್ಲಿಂ ಲೀಗಿನವರು, ಈ ವಿಷಯ ನಿಮ್ಮ ಕಡೆ ಎಷ್ಟು ಜನರಿಗೆ ಗೊತ್ತಿರ್ಬಹುದು? ನಮಗೆ ಅವತ್ತು ಭಾರೀ ಖುಷಿಯಾಗಿತ್ತು.

ಪೇಪರಲ್ಲಿ ಇದ್ದದ್ದು ಕ್ಲಾಸ್ ರೂಮಿಗೆ ಬರುವಾಗ ಎಂತಾಗ್ತದೆ ಅಂತ ಹೇಳ್ತೇನೆ. ನನ್ನ ಅಕ್ಕನ ಮಗಳು ಕನ್ನಡ ಮಾಧ್ಯಮದಲ್ಲಿ ಕಲಿತವಳು. ಎಂಟನೇ ಕ್ಲಾಸಲ್ಲಿ ಇರುವಾಗ ಒಂದು ದಿನ ಅವಳ ಗಣಿತದ ನೋಟ್ಸ್ ತೆಗೆದು ನೋಡಿದೆ. ಅಕ್ಷರ ಎಲ್ಲ ಕನ್ನಡ, ಗುಂಡಗೆ ಚಂದ ಬರೆದಿದ್ದಾಳೆ, ಆದ್ರೆ ಓದಿದ್ರೆ ಅದು ಕನ್ನಡ ಅಲ್ಲ. ಟೀಚರ್ ಹೇಳಿದ ಮಲಯಾಳವನ್ನು ಕಿವಿಗೆ ಬಿದ್ದ ಹಾಗೆ ಕನ್ನಡ ಲಿಪಿಯಲ್ಲಿ ಇಳಿಸಿದ್ದಾಳೆ. ಕನ್ನಡದ ಪಠ್ಯಪುಸ್ತಕ ಪಕ್ಕದಲ್ಲೇ ಉಂಟು, ಅದರಲ್ಲಿರುವ ಲೆಕ್ಕಕ್ಕೂ ಇವಳು ಬರೆದ ವಿವರಣೆಗೂ ತಾಳೆ ಆಗುದು ಅಂಕಿಗಳು ಮಾತ್ರ. ಇದರ ಅರ್ಥ ಎಂತ ಅಂತ ಕೇಳಿದೆ, ಗೊತ್ತಿಲ್ಲ ಮಾಮಾ, ಮನೆಗೆ ಬಂದು ಪುಸ್ತಕ ನೋಡಿ ನಾವೇ ಕಲಿಯುದು ಅಂದ್ಲು. ಹೆದರಿಕೆಯಿಂದ ಹೇಳಿದ್ದಲ್ಲ, ಅವಳಿಗೆ ಅದು ಮಾಮೂಲಾಗಿ ಹೋಗಿತ್ತು. ನನಗೆ ಆ ರಾತ್ರಿ ಊಟ ಸೇರ್ಲಿಲ್ಲ.

ಆ ಟೀಚರ್ ಕೆಟ್ಟವರಲ್ಲ, ಇದನ್ನು ನೀವು ಸರಿಯಾಗಿ ಕೇಳ್ಬೇಕು. ದಕ್ಷಿಣ ಕೇರಳದ ಯಾವುದೋ ಊರಿಂದ ಬಂದವರು, ವರ್ಷಗಟ್ಲೆ ಪಿಎಸ್‌ಸಿಗೆ, ಅಂದ್ರೆ ಕೇರಳದ ಸರಕಾರಿ ಕೆಲಸದ ಪರೀಕ್ಷೆಗೆ, ಓದಿ ರ‍್ಯಾಂಕ್ ಲಿಸ್ಟಲ್ಲಿ ಹೆಸರು ಬಂದು ಕೆಲಸ ಸಿಕ್ಕಿದೆ, ಸಣ್ಣ ಮಗುವನ್ನು ಊರಲ್ಲಿ ಅಮ್ಮನ ಹತ್ರ ಬಿಟ್ಟು ಬಾಡಿಗೆ ಮನೆಯಲ್ಲಿ ಇದ್ರು. ಮಕ್ಕಳಿಗೆ ಅರ್ಥ ಆಗುದಿಲ್ಲ ಅಂತ ಅವರಿಗೂ ಗೊತ್ತಿತ್ತು, ಹೆತ್ತವರ ಮತ್ತು ಟೀಚರುಗಳ ಪಿಟಿಎ ಮೀಟಿಂಗಲ್ಲಿ ಅವರ ಕಣ್ಣಲ್ಲಿ ನೀರು ಬಂದದ್ದು ನಾನೇ ನೋಡಿದ್ದೇನೆ. ಕನ್ನಡ ಮಾಧ್ಯಮ ಅಂತಲೇ ಪಿಎಸ್‌ಸಿ ಬೇರೆ ಪೋಸ್ಟ್ ಕರೀತದೆ, ಆ ಪೋಸ್ಟಿಗೆ ಕನ್ನಡ ಬಾರದವರು ಹೇಗೆ ಬರ್ತಾರೆ ಅಂತ ಪ್ರತಿ ಸಲ ಇಲ್ಲಿ ಗಲಾಟೆ ಆಗ್ತದೆ, ಹೆತ್ತವರು ಗೇಟಲ್ಲಿ ಕೂತುಕೊಳ್ತಾರೆ, ಮಕ್ಕಳು ಕ್ಲಾಸ್ ಬಿಟ್ಟು ಹೊರಗೆ ಬರ್ತಾರೆ, ಕೋರ್ಟಿಗೆ ಹೋಗ್ತದೆ, ಅಷ್ಟರಲ್ಲಿ ಆ ಬ್ಯಾಚಿನ ಮಕ್ಕಳು ಪರೀಕ್ಷೆ ಬರೆದು ಮುಗಿದಿರ್ತದೆ. ಹೋದ ವರ್ಷ ಅವರಿಗೆ ತಿರುಗಿ ಬರ್ತದಾ?

ಇನ್ನೊಂದು, ಹೆಸರಿನ ಕತೆ. ನಮ್ಮ ಅಜ್ಜಿಯ ಹೆಸರು ಆಧಾರಲ್ಲಿ ಒಂದು ಥರ, ರೇಷನ್ ಕಾರ್ಡಲ್ಲಿ ಒಂದು ಥರ, ಜಾಗದ ಹಳೇ ಕನ್ನಡ ದಾಖಲೆಯಲ್ಲಿ ಇನ್ನೊಂದು ಥರ. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಅರ್ಧ ದಾರಿಯಲ್ಲಿ ಬೇರೆ ಯಾರೋ ಆಗಿರ್ತದೆ. ಮತ್ತೆ ಪಿಂಚಣಿಗೆ, ಬ್ಯಾಂಕಿಗೆ, ಈ ಮೂವರೂ ಒಬ್ಬರೇ ಅಂತ ವಿಲೇಜ್ ಆಫೀಸಿಂದ ವನ್ ಆಂಡ್ ಸೇಮ್ ಸರ್ಟಿಫಿಕೇಟ್ ಬೇಕು, ಅದಕ್ಕೆ ಅರ್ಜಿ ಸರಕಾರಿ ಸೇವೆಗಳ ಅಕ್ಷಯ ಸೆಂಟರಲ್ಲಿ, ಫಾರ್ಮ್ ಮಲಯಾಳದಲ್ಲಿ. ಓದ್ಲಿಕ್ಕೆ ಬಾರದವರು ಯಾರಾದ್ರೂ ಹುಡುಗರ ಕೈಕಾಲು ಹಿಡಿದು ಬರೆಸುದು. ಅಜ್ಜಿ ಮಲಯಾಳ ಚಂದ ಮಾತಾಡ್ತಾರೆ, ಓದ್ಲಿಕ್ಕೆ ಕನ್ನಡ ಮಾತ್ರ ಬರುದು. ಕನ್ನಡ ಫಾರ್ಮ್ ಕೊಡಿ ಅಂತ ಕೇಳುವ ಹಕ್ಕು ಉಂಟು ಅಂತ ಅಜ್ಜಿಗೂ ಗೊತ್ತಿಲ್ಲ, ಕೌಂಟರಲ್ಲಿ ಕೂತ ಪ್ರಾಯದ ಹುಡುಗಿಗೂ ಗೊತ್ತಿಲ್ಲ.

ಜನರ ಭಾಷೆ ಗೊತ್ತಿದ್ದವರು ಊರಲ್ಲಿ ಇದ್ರೆ ಎಂತ ಆಗ್ತದೆ ಅಂತ ನೋಡ್ಲಿಕ್ಕೆ ಎಣ್ಮಕಜೆ ಪಂಚಾಯತಿನ ಪಡ್ರೆ ಸಾಕು. ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿತಿದ್ದ ಕಾಲದಲ್ಲಿ ಮನೆ ಮನೆಯಲ್ಲಿ ಮಕ್ಕಳು ಒಂದೇ ಥರ ಕಾಯಿಲೆ ಬೀಳ್ತಾರೆ ಅಂತ ಮೊದಲು ಗಮನಿಸಿದ್ದು ಅಲ್ಲೇ ಪ್ರಾಕ್ಟೀಸ್ ಮಾಡ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್, ಅದನ್ನು ಹೊರಗಿನ ಜಗತ್ತಿಗೆ ಮುಟ್ಟಿಸಿದ್ದು ಕೃಷಿ ಪತ್ರಕರ್ತ ಶ್ರೀಪಡ್ರೆ. ತಾಯಂದಿರು ತಮ್ಮ ಮಾತಲ್ಲಿ ಹೇಳಿದ್ದನ್ನು ಕೂತು ಕೇಳಿದವರು ಇವರು. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹಾಕುವವರೆಗೆ ಆ ಹೋರಾಟ ಹೋಯ್ತು.

ಇನ್ನು ನಮ್ಮವರ ಬಗ್ಗೆ. ಕನ್ನಡ ಶಾಲೆ ಬೇಕು ಅಂತ ಧರಣಿ ಕೂತವರ ಮಕ್ಕಳೇ ಇಂಗ್ಲಿಷ್ ಮೀಡಿಯಂ ವ್ಯಾನಲ್ಲಿ ಹೋಗುದನ್ನು ನಾನು ನೋಡಿದ್ದೇನೆ, ನೋವಾಗ್ತದೆ, ಆದ್ರೆ ಬಯ್ಯಲಿಕ್ಕೆ ಬಾಯಿ ಬರುದಿಲ್ಲ. ಪಾಠ ಮಾಡುವವರೇ ಇಲ್ಲದ ಕ್ಲಾಸಿಗೆ ಮಗುವನ್ನು ಕಳಿಸಿ ಅಂತ ಯಾರು ಹೇಳುದು? ಕನ್ನಡದಲ್ಲಿ ಕಲಿತು ಇಲ್ಲಿ ಕೆಲಸಕ್ಕೆ ಹೋದ್ರೆ ಮಲಯಾಳ ಬೇಕು, ಸರಿ, ಕರ್ನಾಟಕಕ್ಕೆ ಹೋಗುವ ಅಂದ್ರೆ ಅಲ್ಲಿ ಸಿಇಟಿ ಸೀಟಿಗೆ ಗಡಿನಾಡ ಕನ್ನಡಿಗ ಅಂತ ಕನ್ನಡ ಪರೀಕ್ಷೆ ಬರೆದು ತೋರಿಸ್ಬೇಕು. ಆ ಅವಕಾಶ ಕೊಟ್ಟದ್ದಕ್ಕೆ ಕೃತಜ್ಞತೆ ಉಂಟು. ಆದ್ರೆ ಹಾಸ್ಟೆಲಲ್ಲಿ ಮೊದಲ ದಿನ ಓ ಕೇರಳದವ್ನಾ, ಕನ್ನಡ ಎಲ್ಲಿ ಕಲ್ತೆ ಅಂತ ಕೇಳ್ತಾರೆ. ಗೋವಿಂದ ಪೈಗಳು ಮಂಜೇಶ್ವರದವರು, ಯಕ್ಷಗಾನದ ಪಾರ್ತಿಸುಬ್ಬ ಕುಂಬಳೆಯವ, ಇಡೀ ದೇಶದ ಕಾನೂನು ವಿದ್ಯಾರ್ಥಿಗಳು ಓದುವ 1973ರ ಕೇಶವಾನಂದ ಭಾರತಿ ಕೇಸಿನ ಸ್ವಾಮಿಗಳು ನಮ್ಮ ಎಡನೀರು ಮಠದವರು, ಇಷ್ಟು ಹೇಳಿದ ಮೇಲೂ ಆ ಪ್ರಶ್ನೆ ಬರ್ತದೆ.

ಸಿನೆಮಾ ವಿಷಯ ಕೇಳಿದ್ರಲ್ಲಾ. 2018ರಲ್ಲಿ ರಿಷಬ್ ಶೆಟ್ಟಿಯವರು ಕಾಸರಗೋಡಿನ ಸರಕಾರಿ ಶಾಲೆ ಮೇಲೆ ಮಾಡಿದ ಸಿನೆಮಾ ನಮ್ಮ ಪಾಲಿಗೆ ದೊಡ್ಡ ಉಪಕಾರ, ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬರುದು ಅಂದ್ರೆ ಎಂತ ಅಂತ ಹುಬ್ಬಳ್ಳಿಯವರಿಗೂ ಗೊತ್ತಾಯ್ತು. ಸಿನೆಮಾ ಎರಡೂವರೆ ಗಂಟೆಯಲ್ಲಿ ಮುಗಿತದೆ, ಶಾಲೆಯದ್ದು ಪ್ರತಿ ಜೂನಲ್ಲಿ ಶುರುವಾಗ್ತದೆ. 2022ರಲ್ಲಿ ಕಾಂತಾರ ಬಂದಾಗ ನಾವು ಮಂಗಳೂರಿಗೆ ಹೋಗಿ ನೋಡಿದೆವು, ನಮ್ಮ ಮಲಯಾಳಿ ಗೆಳೆಯರು ಇಲ್ಲೇ ನೋಡಿ ಬಂದು ಇದು ನಮ್ಮ ತೆಯ್ಯದ ಹಾಗೇ ಉಂಟಲ್ಲ ಅಂದ್ರು. ಹೌದು ಮತ್ತೆ, ಚಂದ್ರಗಿರಿಯ ಈಚೆ ಭೂತಕೋಲ, ಆಚೆ ತೆಯ್ಯ. ನೀಲೇಶ್ವರದ ಕಡೆ ಕಟ್ಟುವ ವಿಷ್ಣುಮೂರ್ತಿ ತೆಯ್ಯ ಮಂಗಳೂರಿಂದ ಬಂದ ದೈವ ಅಂತ ಅವರೇ ಕತೆ ಹೇಳ್ತಾರೆ. ದೈವಕ್ಕೆ ಇಲ್ಲದ ಗಡಿ ನಮಗೆ ಬಂದದ್ದು 1956ರಲ್ಲಿ. ಮಲಯಾಳ ಸಿನೆಮಾ ಈ ಹತ್ತು ವರ್ಷದಲ್ಲಿ ಎಷ್ಟು ಚಂದ ಬರ್ತಾ ಉಂಟು, ನಾವು ಸಬ್‌ಟೈಟಲ್ ಇಲ್ಲದೆ ನೋಡುವವರು, ಆ ಭಾಷೆ ಮೇಲೆ ನಮಗೆ ಪ್ರೀತಿಯೇ ಇರುದು. ಮಲಯಾಳ ಕಲಿಯುದು ಬೇಡ ಅಂತ ನಾನಂತೂ ಯಾರಿಗೂ ಹೇಳುದಿಲ್ಲ, ಇಲ್ಲಿ ಬದುಕುವವರಿಗೆ ಅದು ಬೇಕೇ ಬೇಕು. ಗಣಿತವನ್ನು ಕನ್ನಡದಲ್ಲಿ ಹೇಳಿಕೊಡಿ ಅಂತ ಮಾತ್ರ ನಮ್ಮ ಬೇಡಿಕೆ.

ಒಂದು ವಿಷಯ ಬರೆಯುದಾ ಬೇಡವಾ ಅಂತ ಆಲೋಚನೆ ಮಾಡಿ ಬರೀತಾ ಇದ್ದೇನೆ. 2020ರ ಮಾರ್ಚಲ್ಲಿ ಕೊರೊನಾ ಕಾಸರಗೋಡಲ್ಲಿ ಜಾಸ್ತಿ ಅಂತ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ತಂದು ಸುರಿದ್ರು. ನಮಗೆ ದೊಡ್ಡ ಕಾಯಿಲೆಗೆ ಆಸ್ಪತ್ರೆ ಅಂದ್ರೆ ಮಂಗಳೂರೇ, ದೇರಳಕಟ್ಟೆಯೇ, ಡಯಾಲಿಸಿಸ್ ಆಗ್ಲಿ ಹೆರಿಗೆ ಆಗ್ಲಿ. ಆಂಬ್ಯುಲೆನ್ಸ್ ವಾಪಸ್ ಬಂದು ಜನ ಸತ್ತರು. ಕೇರಳ ಹೈಕೋರ್ಟ್ ಹೇಳಿ, ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ತುರ್ತು ರೋಗಿಗಳನ್ನು ಬಿಡ್ಲಿಕ್ಕೆ ಶುರುವಾಯ್ತು. ಹೆದರಿಕೆಯ ಕಾಲ ಅದು, ಎಲ್ಲರಿಗೂ ಹೆದರಿಕೆ ಇತ್ತು, ಒಪ್ತೇನೆ. ಆದ್ರೆ ಕಾಸರಗೋಡು ನಮ್ಮದು ಅಂತ ಅಷ್ಟು ವರ್ಷ ಘೋಷಣೆ ಕೂಗಿದ ಕಡೆಯಿಂದ ಆಗ ನಮಗೆ ದಾರಿ ಬಿಡಿ ಅಂತ ಹೇಳುವ ದೊಡ್ಡ ಸ್ವರ ಕೇಳ್ಲಿಲ್ಲ. ಮಂಗಳೂರಿನ ನೆಂಟರು ಅತ್ತು ಫೋನ್ ಮಾಡಿದ್ರು, ಅಷ್ಟೇ. ಆ ಗಾಯ ಇಲ್ಲಿ ತುಂಬ ಮನೆಗಳಲ್ಲಿ ಇನ್ನೂ ಮಾಯ್ಲಿಲ್ಲ.

ನೀವು ಕಡೆಗೆ ಕೇಳಿದ್ದು ನಾವು ಇಲ್ಲಿಂದ ಎಂತ ಮಾಡಬಹುದು ಅಂತ. ಮುಂದಿನ ಸಲ ಗಡಿನಾಡು ಅಂತ ಟಿವಿಯಲ್ಲಿ ಕೂಗಾಟ ಬಂದಾಗ ನಿಮ್ಮ ಶಾಸಕರಿಗೋ, ಪತ್ರಿಕೆಯಲ್ಲಿರುವ ಪರಿಚಯದವರಿಗೋ ಒಂದೇ ಪ್ರಶ್ನೆ ಕೇಳಿ: ಜೂನ್ ಒಂದಕ್ಕೆ ಶಾಲೆ ಶುರುವಾಗುವಾಗ ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಗಣಿತಕ್ಕೆ, ವಿಜ್ಞಾನಕ್ಕೆ, ಸಮಾಜಕ್ಕೆ ಎಷ್ಟು ಪೋಸ್ಟ್ ಖಾಲಿ ಉಂಟು, ಆ ಪೋಸ್ಟಿಗೆ ಬರುವವರು ಕನ್ನಡ ಓದಿ ಬರೀತಾರಾ ಅಂತ ಪರೀಕ್ಷೆ ಮಾಡುವವರು ಯಾರು? ಈ ಲೆಕ್ಕ ಮೇ ತಿಂಗಳಲ್ಲೇ ಪೇಪರಲ್ಲಿ ಬಂದ್ರೆ ಕೇರಳದ ಅಧಿಕಾರಿಗಳೂ ಉತ್ತರ ಕೊಡ್ತಾರೆ, ಅವರಲ್ಲಿ ಒಳ್ಳೆಯವರು ತುಂಬ ಜನ ಇದ್ದಾರೆ. ನವೆಂಬರಲ್ಲಿ ಬಂದ್ರೆ ಅರ್ಧ ವರ್ಷದ ಪಾಠ ಹೋಗಿರ್ತದೆ.