ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಅಂತ ಬರೆದಿಟ್ಟಿರೋದು) ಸಿಗದ ಹಾಡಿನ ಗಿಟಾರ್ ಪಾರ್ಟ್ ಕೇಳಿ ಕಲಿಯೋಕೆ ಆಡಾಸಿಟಿ ಸಾಕಾ?

ಸಾಕು, ಧಾರಾಳವಾಗಿ ಸಾಕು. ಫ್ರೀ ಸಾಫ್ಟ್‌ವೇರ್, ಆಡಿಯೋ ಎಡಿಟ್ ಮಾಡೋಕೆ ಇರೋದು, 2000ನೇ ಇಸವಿಯಿಂದ ಇದೆ. ಕನ್ನಡ ಹಾಡಿಗೆ ನೆಟ್ಟಲ್ಲಿ ಹುಡುಕಿದ್ರೆ ಸಿಗೋದು ಹೆಚ್ಚಾಗಿ ಕಾರ್ಡ್ಸ್ ಮಾತ್ರ, ಪಲ್ಲವಿ ಚರಣದ ಮಧ್ಯೆ ಬರೋ ಆ ಗಿಟಾರ್ ಬಿಟ್ ಬೇಕು ಅಂದ್ರೆ ಕಿವಿನೇ ಗತಿ, ಅದಕ್ಕೇ ಇದನ್ನ ಕಲಿಯೋದು ತುಂಬಾ ಒಳ್ಳೇದು ಅಂತೀನಿ.

ಎಲ್ರೂ ಮೊದಲು ಸ್ಪೀಡ್ ಕಮ್ಮಿ ಮಾಡೋಕೆ ಹೋಗ್ತಾರೆ, ನೀವು ಮೊದಲು ಎಡ ಬಲ ಬಿಡಿಸಿ. ಟ್ರ್ಯಾಕ್ ಹೆಸರಿನ ಹತ್ರ ಇರೋ ಮೆನುಲಿ ಸ್ಪ್ಲಿಟ್ ಸ್ಟೀರಿಯೋ ಟು ಮೋನೋ ಅಂತಿದೆ, ಅದನ್ನ ಒತ್ತಿ ಒಂದೊಂದೇ ಚಾನಲ್ ಸೋಲೋ ಮಾಡಿ ಕೇಳಿ. ಎಷ್ಟೋ ಹಾಡಲ್ಲಿ ಒಂದು ಗಿಟಾರ್ ಎಡಕ್ಕೆ ಇನ್ನೊಂದು ಬಲಕ್ಕೆ ಇಟ್ಟಿರ್ತಾರೆ, ಎರಡೂ ಸೇರಿ ಯಾವುದೋ ಭಯಂಕರ ಕಾರ್ಡ್ ಅನ್ಸಿದ್ದು ಬಿಡಿಸಿದ ತಕ್ಷಣ ಎರಡು ಸಿಂಪಲ್ ಪಾರ್ಟ್ ಆಗ್ಬಿಡತ್ತೆ. ಅದ್ರಲ್ಲಿ ಒಂದು ಚಾನಲ್‌ಗೆ ಇನ್ವರ್ಟ್ (ಸೌಂಡಿನ ಅಲೆನ ತಲೆಕೆಳಗು ಮಾಡೋ ಎಫೆಕ್ಟ್) ಹಾಕಿ ಎರಡನ್ನೂ ಮಿಕ್ಸ್ ಮಾಡಿದ್ರೆ ನಡುವೆ ಇರೋ ವಾಯ್ಸು, ಬೇಸು ಬಹಳಷ್ಟು ಹೋಗಿ ಪಕ್ಕದ ಗಿಟಾರ್ ಮೇಲೆ ಬರತ್ತೆ.

ಇನ್ನು ನಿಧಾನ ಮಾಡೋದು. ಚೇಂಜ್ ಟೆಂಪೋ ಮಾಡಿದ್ರೆ ಶ್ರುತಿ ಹಾಗೇ ಇರತ್ತೆ, ಆದ್ರೆ ಜಾಸ್ತಿ ಇಳಿಸಿದ್ರೆ ಸೌಂಡ್ ನೀರು ನೀರಾಗತ್ತೆ, ನೋಟ್ ಶುರುವಾಗೋ ಜಾಗನೇ ಮಸುಕು. ಅಂಥ ಕಡೆ ನಾನು ಚೇಂಜ್ ಸ್ಪೀಡ್ ಹಾಕಿ ಸೀದಾ ಅರ್ಧಕ್ಕೆ ಇಳಿಸ್ತೀನಿ, ಆಗ ಎಲ್ಲಾ ಸ್ವರ ಸರಿಯಾಗಿ ಒಂದು ಆಕ್ಟೇವ್ ಕೆಳಗೆ ಬರತ್ತೆ, ಹೆಸರು ಬದಲಾಗಲ್ಲ, ಸೌಂಡೂ ಕೆಡಲ್ಲ. 33⅓ ಆರ್‌ಪಿಎಂ ಎಲ್‌ಪಿ ರೆಕಾರ್ಡನ್ನ 16⅔ರಲ್ಲಿ ತಿರುಗಿಸಿ ಕಲೀತಿದ್ದವರದ್ದೂ ಇದೇ ಲೆಕ್ಕ.

ಎರಡೇ ಸೆಕೆಂಡಿನ ತುಂಡು ಸೆಲೆಕ್ಟ್ ಮಾಡಿ ಲೂಪ್ ಹಾಕಿ, ಗಿಟಾರ್ ಮುಟ್ಟೋಕೆ ಮುಂಚೆ ಅದನ್ನ ಬಾಯಲ್ಲಿ ಹಾಡಿ. ಬಾಯಲ್ಲಿ ಬರದೇ ಇರೋದು ಕೈಯಲ್ಲಿ ಹುಡುಕೋದು ಸುಮ್ನೆ ಟೈಮ್ ವೇಸ್ಟ್, ಇದನ್ನ ಮಾತ್ರ ದಯವಿಟ್ಟು ಬಿಡ್ಬೇಡಿ. ಆಮೇಲೆ ವೇವ್‌ಫಾರ್ಮ್ ಝೂಮ್ ಮಾಡಿ ನೋಡಿ: ಪಿಕ್ ಬಿದ್ದ ಕಡೆ ಚೂಪಾದ ಏರಿಕೆ ಕಾಣತ್ತೆ. ನಾಲ್ಕು ನೋಟ್ ಕೇಳ್ತಿದೆ ಆದ್ರೆ ಏರಿಕೆ ಎರಡೇ ಇದೆ ಅಂದ್ರೆ ಉಳಿದಿದ್ದು ಹ್ಯಾಮರ್ ಆನೋ ಪುಲ್ ಆಫೋ (ಪಿಕ್ ಹಾಕದೆ ಎಡಗೈ ಬೆರಳನ್ನೇ ತಂತಿ ಮೇಲೆ ಬಡಿದು ಇಲ್ಲಾ ಎಳೆದು ಬಿಟ್ಟು ನುಡಿಸೋದು) ಇರೋ ಚಾನ್ಸ್ ಜಾಸ್ತಿ, ಬಲಗೈ ಅಷ್ಟು ಓಡಿಸ್ಬೇಕಾಗೇ ಇಲ್ಲ.

ನೋಟ್ ಸಿಕ್ಕಿದ್ರೂ ಯಾವ ತಂತಿ ಅನ್ನೋದು ಸಾಫ್ಟ್‌ವೇರ್ ಹೇಳಲ್ಲ. ಮೊದಲನೇ ತಂತಿಯ ಓಪನ್ ಇ, ಎರಡನೇದರ 5ನೇ ಫ್ರೆಟ್, ಮೂರನೇದರ 9ನೇ ಫ್ರೆಟ್, ಎಲ್ಲಾ ಒಂದೇ ಸ್ವರ, ಸುಮಾರು 330 ಹರ್ಟ್ಜ್. ಓಪನ್ ತಂತಿ ಗಲ್ ಅಂತ ತುಂಬಾ ಹೊತ್ತು ನಿಲ್ಲತ್ತೆ, 9ನೇ ಫ್ರೆಟ್ಟಿಂದು ದಪ್ಪ, ಜೊತೆಗೆ ಹಿಂದಿನ ನೋಟಿಂದ ಬೆರಳು ಜಾರಿದ ಸದ್ದು ಕೇಳ್ತಾ ನೋಡಿ, ಕೈ ಎಲ್ಲಿತ್ತು ಅಂತ ಅದೇ ಹೇಳತ್ತೆ.

ಹಾಡು ನಿಮ್ ಟ್ಯೂನರ್‌ಗೆ ಕೂಡ್ತಾನೇ ಇಲ್ಲ, ಎರಡು ಫ್ರೆಟ್ ಮಧ್ಯೆ ಎಲ್ಲೋ ಇದೆ ಅಂದ್ರೆ ಚೇಂಜ್ ಪಿಚ್‌ನಲ್ಲಿ 0.3 ಸೆಮಿಟೋನ್ (ಒಂದು ಫ್ರೆಟ್ ಅಂದ್ರೆ ಒಂದು ಸೆಮಿಟೋನ್) ಥರ ಸ್ವಲ್ಪ ಸ್ವಲ್ಪ ಸರಿಸಿ. ಪೂರ್ತಿ ಆದ್ಮೇಲೆ ನೀವು ನುಡಿಸಿದ್ದನ್ನ ಇನ್ನೊಂದು ಟ್ರ್ಯಾಕಲ್ಲಿ ರೆಕಾರ್ಡ್ ಮಾಡಿ, ಒರಿಜಿನಲ್ ಎಡಕ್ಕೆ ನಿಮ್ದು ಬಲಕ್ಕೆ ಪ್ಯಾನ್ ಮಾಡಿ ಹೆಡ್‌ಫೋನಲ್ಲಿ ಕೇಳಿ, ಯಾವ ನೋಟ್ ತಪ್ಪು ಅಂತ ಯಾರನ್ನೂ ಕೇಳ್ಬೇಕಾಗಲ್ಲ.