ನೀರಿನ ವರದಿಯಲ್ಲಿ ಸೀಸದ ಮುಂದೆ ‘ಬಿಡಿಎಲ್’ ಎಂದಿದ್ದರೆ ಸೀಸವೇ ಇಲ್ಲ ಅಂತಲೇ?

ಬೋರ್‌ವೆಲ್ ನೀರಿನ ವರದಿಯಲ್ಲಿ ಸೀಸದ ಎದುರು ‘ಬಿಡಿಎಲ್’ ಅಂತಷ್ಟೇ ಇದೆ, ಪರೀಕ್ಷೆ ಫ್ಲೇಮ್ ಎಎಎಸ್‌ನಲ್ಲಿ (ನೀರನ್ನು ಜ್ವಾಲೆಗೆ ಹಾಯಿಸಿ, ಲೋಹ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಮಷೀನ್) ಆಗಿದೆ, ‘ನಮ್ಮ ಮಷೀನ್ ತುಂಬಾ ಸೆನ್ಸಿಟಿವ್’ ಎಂದು ಲ್ಯಾಬಿನವರು ಹೇಳಿದ್ದಾರೆ, ಇದನ್ನು ನಂಬಬಹುದೇ ಎಂದು ಕೇಳಿದ್ದೀರಿ. ಪತ್ತೆಮಿತಿಯನ್ನು ಹೇಗೆ ನಿರ್ಧರಿಸುತ್ತಾರೆ ಎಂದೂ ಕೇಳಿದ್ದೀರಿ.

ಬಿಡಿಎಲ್ (ಬಿಲೋ ಡಿಟೆಕ್ಷನ್ ಲಿಮಿಟ್) ಅಂದರೆ ಸಿಕ್ಕಿದ್ದು ಪತ್ತೆಮಿತಿಗಿಂತ, ಅಂದರೆ ಆ ವಿಧಾನ ಗುರುತಿಸಬಲ್ಲ ಕನಿಷ್ಠ ಪ್ರಮಾಣಕ್ಕಿಂತ, ಕೆಳಗಿದೆ ಎಂದು. ಆ ಮಿತಿ ಎಷ್ಟು ಎಂಬ ಅಂಕಿ ಪಕ್ಕದಲ್ಲಿ ಇಲ್ಲದಿದ್ದರೆ ಆ ಮಾತಿನಿಂದ ನಿಮಗೆ ಏನೂ ತಿಳಿಯುವುದಿಲ್ಲ. ಸೀಸದ ವಿಷಯದಲ್ಲಿ, ಅದೂ ಫ್ಲೇಮ್‌ನಲ್ಲಿ ನೋಡಿದ್ದರೆ, ನಾನು ಆ ವರದಿಯನ್ನು ಒಪ್ಪುವುದಿಲ್ಲ. ಕಾರಣ ಲೆಕ್ಕದಲ್ಲೇ ಇದೆ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು, ಅದರಲ್ಲಿ ಸಡಿಲಿಕೆ ಇಲ್ಲ. ಎಎಎಸ್‌ನಲ್ಲಿ ಸೆನ್ಸಿಟಿವಿಟಿಯನ್ನು ಹೇಳುವುದು 0.0044 ಅಬ್ಸಾರ್ಬೆನ್ಸ್ ಬರಲು, ಅಂದರೆ ಶೇಕಡಾ 1ರಷ್ಟು ಬೆಳಕು ಹೀರಲು, ಎಷ್ಟು ಸಾಂದ್ರತೆ ಬೇಕು ಎಂಬುದರ ಮೇಲೆ. ಗಾಳಿ-ಅಸಿಟಿಲೀನ್ ಜ್ವಾಲೆ, 283.3 ನ್ಯಾನೋಮೀಟರ್ ಗೆರೆ (ಅಳೆಯಲು ಬಳಸುವ ಬೆಳಕಿನ ತರಂಗಾಂತರ), ಇವುಗಳಲ್ಲಿ ಸೀಸಕ್ಕೆ ಅದು ಲೀಟರಿಗೆ ಸುಮಾರು 0.45 ಮಿಲಿಗ್ರಾಂ. ಹಾಗಾದರೆ 0.01 ಮಿಲಿಗ್ರಾಂ ಇರುವ ನೀರು ಕೊಡುವ ಅಬ್ಸಾರ್ಬೆನ್ಸ್ ಬರೀ 0.0001. ಜ್ವಾಲೆ ಉರಿಯುತ್ತಿರುವಾಗ ಬ್ಲಾಂಕ್ (ಸೀಸ ಸೇರಿಸದ ಶುದ್ಧ ನೀರಿನ ಮಾದರಿ) ರೀಡಿಂಗ್ ಇದಕ್ಕಿಂತ ಹೆಚ್ಚು ಅಲುಗಾಡುತ್ತದೆ. ಆ ಅಲುಗಾಟದ ಸ್ಟ್ಯಾಂಡರ್ಡ್ ಡೀವಿಯೇಶನ್ 0.0005 ಎಂದಿಟ್ಟುಕೊಳ್ಳಿ. ಸಾಂದ್ರತೆಯಲ್ಲಿ ಅದು ಲೀಟರಿಗೆ ಸುಮಾರು 0.05 ಮಿಲಿಗ್ರಾಂ, ಅದರ ಮೂರು ಪಟ್ಟು 0.15. ಕಾನೂನಿನ ಮಿತಿಯ ಹದಿನೈದು ಪಟ್ಟು ಸೀಸ ಇರುವ ನೀರಿಗೂ ಈ ಮಷೀನ್ ‘ಬಿಡಿಎಲ್’ ಎನ್ನಬಹುದು. ಜ್ವಾಲೆಯನ್ನು ಎಷ್ಟೇ ಚೆನ್ನಾಗಿ ಹೊಂದಿಸಿಕೊಂಡರೂ ನೇರವಾಗಿ ಹಾಯಿಸಿದ ನೀರಿನಲ್ಲಿ 0.01 ಅನ್ನು ಭರವಸೆಯಿಂದ ನೋಡಲು ಆಗುವುದಿಲ್ಲ.

‘ಸೆನ್ಸಿಟಿವ್’ ಎಂಬ ಮಾತಿನ ಗೊಂದಲ ಇಲ್ಲೇ ಇರುವುದು. ಸೆನ್ಸಿಟಿವಿಟಿ ಅಂದರೆ ಕ್ಯಾಲಿಬ್ರೇಶನ್ ಗೆರೆಯ (ಗೊತ್ತಿರುವ ಸಾಂದ್ರತೆಯ ದ್ರಾವಣಗಳ ರೀಡಿಂಗ್‌ಗಳಿಂದ ಎಳೆದ ಗೆರೆ) ಇಳಿಜಾರು: ಸಾಂದ್ರತೆ ಒಂದಿಷ್ಟು ಏರಿದರೆ ಸಿಗ್ನಲ್ ಎಷ್ಟು ಏರುತ್ತದೆ ಎಂಬುದು. ಪತ್ತೆಮಿತಿಗೆ ಅದರ ಜೊತೆ ಬ್ಲಾಂಕ್‌ನ ಅಲುಗಾಟವೂ ಬೇಕು. ಸ್ಕೇಲ್ ಎಕ್ಸ್‌ಪ್ಯಾನ್ಶನ್ 10 ಮಾಡಿದರೆ ಪರದೆಯ ಮೇಲಿನ ಅಂಕಿ ಹತ್ತು ಪಟ್ಟಾಗುತ್ತದೆ, ಅಲುಗಾಟವೂ ಹತ್ತು ಪಟ್ಟಾಗುತ್ತದೆ, ಪತ್ತೆಮಿತಿ ಇದ್ದಲ್ಲೇ ಇರುತ್ತದೆ. 217.0 ನ್ಯಾನೋಮೀಟರ್ ಗೆರೆಗೆ ಹೋದರೆ ಇಳಿಜಾರು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ ನಿಜ, ಆದರೆ ಅಲ್ಲಿ ನಾಯ್ಸ್ (ರೀಡಿಂಗಿನ ಅಲುಗಾಟ) ಜಾಸ್ತಿ, ಹಿನ್ನೆಲೆ ಹೀರಿಕೆಯೂ ಜಾಸ್ತಿ. ಆದ್ದರಿಂದ ಅಷ್ಟೇ ಪ್ರಮಾಣದ ಲಾಭ ಪತ್ತೆಮಿತಿಯಲ್ಲಿ ಸಿಗುವುದಿಲ್ಲ. ನಿಜವಾಗಿ ಸಹಾಯವಾಗುವುದು ರೀಡಿಂಗ್ ಸಮಯ ಹೆಚ್ಚಿಸುವುದು. ನಾಲ್ಕು ಪಟ್ಟು ಹೊತ್ತು ಓದಿದರೆ ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ. ಅದಕ್ಕಿಂತ ಉದ್ದ ಮಾಡುತ್ತಾ ಹೋದರೆ ದೀಪದ ಡ್ರಿಫ್ಟ್ ಒಳಗೆ ಸೇರಿಕೊಳ್ಳುತ್ತದೆ.

ಈಗ ಮಿತಿ ಕಟ್ಟುವ ಕ್ರಮಕ್ಕೆ ಬರುತ್ತೇನೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಪದ್ಧತಿಯನ್ನೇ ಹೇಳುತ್ತೇನೆ, ಏಕೆಂದರೆ ಅದು ಮಷೀನಿನ ಮಿತಿಯನ್ನಲ್ಲ, ಆ್ಯಸಿಡ್ ಹಾಕುವುದರಿಂದ ಹಿಡಿದು ಇಡೀ ವಿಧಾನದ ಮಿತಿಯನ್ನು ಅಳೆಯುತ್ತದೆ. ಮಿತಿ ಎಷ್ಟಿರಬಹುದು ಎಂದು ಮೊದಲು ಅಂದಾಜು ಮಾಡಿ, ಅದರ 2ರಿಂದ 10 ಪಟ್ಟು ಸೀಸ ಸೇರಿಸಿದ ಕನಿಷ್ಠ ಏಳು ಮಾದರಿಗಳನ್ನೂ ಏಳು ಬ್ಲಾಂಕ್‌ಗಳನ್ನೂ ಮೊದಲಿನಿಂದ ಕೊನೆಯವರೆಗೆ ಬೇರೆಬೇರೆಯಾಗಿಯೇ ತಯಾರಿಸಬೇಕು, ಮೂರು ಬೇರೆ ದಿನಗಳಲ್ಲಿ, ಮೂರು ಬೇರೆ ಬ್ಯಾಚ್‌ಗಳಲ್ಲಿ. ಗ್ರಾಫೈಟ್ ಫರ್ನೇಸ್‌ನ (ಜ್ವಾಲೆಯ ಬದಲು ಚಿಕ್ಕ ಗ್ರಾಫೈಟ್ ಕೊಳವೆಯಲ್ಲಿ ಮಾದರಿಯನ್ನು ಕಾಯಿಸುವ ಎಎಎಸ್) ಒಂದು ಉದಾಹರಣೆ: ಲೀಟರಿಗೆ 2 ಮೈಕ್ರೋಗ್ರಾಂ ಸೇರಿಸಿದ್ದಕ್ಕೆ 2.1, 1.8, 2.3, 1.9, 2.2, 1.7, 2.0 ಬಂದವು ಅನ್ನಿ. ಸರಾಸರಿ 2.0, ಸ್ಟ್ಯಾಂಡರ್ಡ್ ಡೀವಿಯೇಶನ್ 0.216. ಏಳು ಮಾದರಿಗೆ ಶೇಕಡಾ 99ರ ಟಿ-ಮೌಲ್ಯ (ಸಂಖ್ಯಾಶಾಸ್ತ್ರದ ಕೋಷ್ಟಕದಲ್ಲಿ ಸಿಗುವ ಗುಣಕ) 3.143. ಗುಣಿಸಿದರೆ 0.68 ಮೈಕ್ರೋಗ್ರಾಂ, ಇದು ಪತ್ತೆಮಿತಿ. ಬ್ಲಾಂಕ್‌ಗಳಿಗೂ ಇದೇ ಲೆಕ್ಕ ಮಾಡಿ ಅವುಗಳ ಸರಾಸರಿಯನ್ನು ಕೂಡಿಸಬೇಕು, ಎರಡರಲ್ಲಿ ಯಾವುದು ದೊಡ್ಡದೋ ಅದನ್ನೇ ಇಟ್ಟುಕೊಳ್ಳಬೇಕು. ಅಂಕಿ ಸಮೇತ ‘ಇಷ್ಟಿದೆ’ ಎಂದು ಹೇಳಲು ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡೀವಿಯೇಶನ್‌ನ ಹತ್ತು ಪಟ್ಟು ಹಿಡಿಯುತ್ತಾರೆ, ಇದು ಪರಿಮಾಣ ಮಿತಿ, ಇಲ್ಲಿ ಸುಮಾರು 2.2. ಮಾನಕದ 10 ಮೈಕ್ರೋಗ್ರಾಂ (0.01 ಮಿಲಿಗ್ರಾಂ) ಇದಕ್ಕಿಂತ ಸಾಕಷ್ಟು ಮೇಲಿದೆ, ಹಾಗಾಗಿ ಈ ವಿಧಾನ ಕೆಲಸಕ್ಕೆ ಬರುತ್ತದೆ.

ಈ 3.143 ಪಟ್ಟು ಕಾಯುವುದು ಒಂದು ಬಗೆಯ ತಪ್ಪನ್ನು ಮಾತ್ರ: ಇಲ್ಲದ ಸೀಸವನ್ನು ಇದೆ ಎನ್ನುವುದನ್ನು. ನೀರಿನಲ್ಲಿ ನಿಜವಾಗಿ 0.68 ಇದ್ದರೆ ರೀಡಿಂಗ್ ಅದರ ಆಚೀಚೆ ಹರಡುತ್ತದೆ, ಅರ್ಧದಷ್ಟು ಸಲ ಕೆಳಗೇ ಬಿದ್ದು ‘ಬಿಡಿಎಲ್’ ಆಗುತ್ತದೆ. ಇರುವ ಸೀಸವನ್ನು ತಪ್ಪಿಸಿಕೊಳ್ಳದ ಮಟ್ಟ ಇದರ ಸುಮಾರು ಎರಡು ಪಟ್ಟು ಮೇಲಿರುತ್ತದೆ. ಈ ಎರಡನ್ನೂ ಬೇರೆ ಮಾಡಿ ತೋರಿಸಿದ್ದು 1968ರಲ್ಲಿ ಲಾಯ್ಡ್ ಕರ್ರಿ. ಕುಡಿಯುವ ನೀರಿನ ವಿಷಯದಲ್ಲಿ ನಮಗೆ ಹೆಚ್ಚು ಬೇಕಾದದ್ದು ಎರಡನೆಯದೇ.

ಎಲ್ಲಿ ಕೆಡುತ್ತದೆ ಅಂದರೆ ಹೆಚ್ಚಾಗಿ ಬ್ಲಾಂಕ್‌ನಲ್ಲಿ. ಸೀಸ ಧೂಳಿನಲ್ಲಿದೆ, ಗಾಜಿನ ಮೇಲೆ ಅಂಟಿರುತ್ತದೆ, ಅಗ್ಗದ ನೈಟ್ರಿಕ್ ಆ್ಯಸಿಡ್‌ನಲ್ಲೂ ಇರುತ್ತದೆ. ಪಾತ್ರೆಗಳನ್ನು ಶೇಕಡಾ 10ರ ನೈಟ್ರಿಕ್ ಆ್ಯಸಿಡ್‌ನಲ್ಲಿ ರಾತ್ರಿಯಿಡೀ ನೆನೆಸಿ, 18.2 ಮೆಗಾಓಮ್ ನೀರಿನಲ್ಲಿ ತೊಳೆಯಬೇಕು. ಆ್ಯಸಿಡ್ ಟ್ರೇಸ್ ಮೆಟಲ್ ದರ್ಜೆಯದೇ ಬೇಕು, ಕೈಗವಸು ಪೌಡರ್ ಇಲ್ಲದ್ದು. ಬ್ಲಾಂಕ್ ಎತ್ತರವಾಗಿದ್ದು ಅಲುಗಾಡುತ್ತಿದ್ದರೆ ಎಷ್ಟು ದುಬಾರಿ ಮಷೀನ್ ತಂದರೂ ಮಿತಿ ಇಳಿಯದು. ಇನ್ನೂ ಕಡಿಮೆ ಪ್ರಮಾಣ ಅಳೆಯಬಲ್ಲ ಐಸಿಪಿ-ಎಂಎಸ್ ಮಷೀನ್ ಕೊಂಡ ಲ್ಯಾಬುಗಳಿಗೆ ಇದು ಇನ್ನೂ ಚೆನ್ನಾಗಿ ಗೊತ್ತಿರುತ್ತದೆ.

ಎರಡನೆಯದು ಸಾಫ್ಟ್‌ವೇರ್. ಬ್ಲಾಂಕ್ ರೀಡಿಂಗ್ ಮೈನಸ್ ಬಂದಾಗ ಅದನ್ನು ಸೊನ್ನೆ ಮಾಡುವ ಸೆಟ್ಟಿಂಗ್ ಇದ್ದರೆ ಅಲುಗಾಟದ ಕೆಳಭಾಗ ಕತ್ತರಿಸಿ ಹೋಗುತ್ತದೆ, ಮಿತಿ ಸುಳ್ಳೇ ಚಿಕ್ಕದಾಗಿ ಕಾಣುತ್ತದೆ. ಒಂದೇ ಬಾಟಲಿಯಿಂದ ಏಳು ಸಲ ಹೀರಿ ‘ಏಳು ಮಾದರಿ’ ಎನ್ನುವುದೂ ಹೀಗೇ: ಅದರಲ್ಲಿ ಮಷೀನಿನ ನಾಯ್ಸ್ ಮಾತ್ರ ಇದೆ, ತಯಾರಿಯ ಏರುಪೇರು ಇಲ್ಲ. ಇನ್ನು 1ರಿಂದ 5 ಮಿಲಿಗ್ರಾಂ ಸ್ಟ್ಯಾಂಡರ್ಡ್‌ಗಳಲ್ಲಿ ಗೆರೆ ಎಳೆದು, ಆರ್-ಸ್ಕ್ವೇರ್ (ಬಿಂದುಗಳು ಗೆರೆಗೆ ಎಷ್ಟು ಹೊಂದುತ್ತವೆ ಎಂಬ ಅಳತೆ) 0.999 ಇದೆ ಎಂಬ ಧೈರ್ಯದ ಮೇಲೆ 0.01 ಅನ್ನು ಓದುವವರಿದ್ದಾರೆ. ಆ ಗೆರೆಯನ್ನು ಎಳೆದಾಡುವುದು ಮೇಲಿನ ಸ್ಟ್ಯಾಂಡರ್ಡ್‌ಗಳು. ಕೆಳತುದಿಯಲ್ಲಿ ಅದು ಎಷ್ಟು ಸರಿದಿದೆ ಎಂದು ಆರ್-ಸ್ಕ್ವೇರ್ ಹೇಳುವುದಿಲ್ಲ. ಕೆಳಗಿನ ಸ್ಟ್ಯಾಂಡರ್ಡ್ ಪರಿಮಾಣ ಮಿತಿಯ ಹತ್ತಿರವೇ ಇರಬೇಕು.

ಫರ್ನೇಸ್ ಇಲ್ಲದ ಲ್ಯಾಬಿನಲ್ಲಿ ನೀರನ್ನು ಕಾಯಿಸಿ ಸಾಂದ್ರಗೊಳಿಸುವ ದಾರಿ ಹೊಳೆಯುತ್ತದೆ. 500 ಮಿಲಿಲೀಟರ್ ಅನ್ನು 25ಕ್ಕೆ ಇಳಿಸಿದರೆ ಸೀಸ ಇಪ್ಪತ್ತು ಪಟ್ಟು, ಸರಿ. ಆದರೆ ಟಿಡಿಎಸ್ 800 ಇರುವ ಬೋರ್‌ವೆಲ್ ನೀರಿನ ಲವಣವೂ ಲೀಟರಿಗೆ 16 ಗ್ರಾಂ ಆಗುತ್ತದೆ, ಬರ್ನರ್ ಸೀಳು ಕಟ್ಟಿಕೊಳ್ಳುತ್ತದೆ, ಹಿನ್ನೆಲೆ ಹೀರಿಕೆಯೇ ಸೀಸದಂತೆ ಕಾಣುತ್ತದೆ. ಸೀಸವನ್ನು ಹಿಡಿದುಕೊಳ್ಳುವ ಎಪಿಡಿಸಿ ಎಂಬ ರಾಸಾಯನಿಕ ಸೇರಿಸಿ ಎಂಐಬಿಕೆ ದ್ರಾವಕಕ್ಕೆ ಸೀಸವನ್ನು ಎಳೆದುಕೊಳ್ಳುವುದು ಇದಕ್ಕಿಂತ ಎಷ್ಟೋ ಮೇಲು, ಲವಣ ನೀರಿನಲ್ಲೇ ಉಳಿಯುತ್ತದೆ. ಫರ್ನೇಸ್‌ನಲ್ಲಾದರೆ ಕ್ಲೋರೈಡ್ ಹೆಚ್ಚಿರುವ ನೀರಿನ ಸೀಸ ಬೂದಿ ಮಾಡುವ ಹಂತದಲ್ಲೇ ಆವಿಯಾಗಿ ಹೋಗುತ್ತದೆ. ಅದಕ್ಕೇ ಅಮೋನಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮತ್ತು ಮೆಗ್ನೀಸಿಯಂ ನೈಟ್ರೇಟ್ ಮಾಡಿಫೈಯರ್ (ಸೀಸ ಬೇಗ ಆವಿಯಾಗದಂತೆ ತಡೆಯುವ ಮಿಶ್ರಣ) ಬೇಕು. ಅದಿದ್ದರೆ ಸುಮಾರು 800 ಡಿಗ್ರಿವರೆಗೂ ಸೀಸ ನಿಲ್ಲುತ್ತದೆ.

ಲ್ಯಾಬಿಗೆ ಹೋಗಿ ನೀವು ಕೇಳಬೇಕಾದದ್ದು: ಯಾವ ವಿಧಾನ, ಅದರ ಪತ್ತೆಮಿತಿ ಮತ್ತು ಪರಿಮಾಣ ಮಿತಿಯ ಅಂಕಿಗಳೇನು, ಆ ದಿನದ ಬ್ಲಾಂಕ್ ಎಷ್ಟು, ನಿಮ್ಮದೇ ನೀರಿಗೆ 10 ಮೈಕ್ರೋಗ್ರಾಂ ಸೇರಿಸಿ ನೋಡಿದಾಗ ಎಷ್ಟು ವಾಪಸು ಸಿಕ್ಕಿತು. ಕೊನೆಯದು ಶೇಕಡಾ 70ರಿಂದ 130ರ ಒಳಗಿಲ್ಲದಿದ್ದರೆ ಉಳಿದ ಅಂಕಿಗಳ ಮೇಲೆ ಭಾರ ಹಾಕಬೇಡಿ. ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿದ್ದರೆ ಮಿತಿಯೂ ಹತ್ತು ಪಟ್ಟು ಏರಿರುತ್ತದೆ, ವರದಿಯಲ್ಲಿ ಆ ಏರಿದ ಅಂಕಿಯೇ ಇರಬೇಕು. ‘ಬಿಡಿಎಲ್’ ಬದಲು ‘0.68 ಮೈಕ್ರೋಗ್ರಾಂಗಿಂತ ಕಡಿಮೆ’ ಎಂಬಂತೆ, ಅವರ ವಿಧಾನದ ಮಿತಿಯ ಅಂಕಿ ಸಮೇತ, ಬರೆದುಕೊಡಲು ಕೇಳಿ.

ಮತ್ತೊಮ್ಮೆ ಮಾದರಿ ಕೊಡುವಾಗ ಎಚ್‌ಡಿಪಿಇ ಬಾಟಲಿಯಲ್ಲೇ ಹಿಡಿಯಿರಿ, ಪಿಎಚ್ 2ಕ್ಕಿಂತ ಕೆಳಗಿಳಿಯುವಂತೆ ಲ್ಯಾಬಿನವರಿಂದಲೇ ನೈಟ್ರಿಕ್ ಆ್ಯಸಿಡ್ ಹಾಕಿಸಿ. ಹಾಕದಿದ್ದರೆ ಸೀಸ ಬಾಟಲಿಯ ಗೋಡೆಗೆ ಅಂಟಿಕೊಂಡು ರೀಡಿಂಗ್ ಕಡಿಮೆ ಬರುತ್ತದೆ. ಬೋರ್‌ವೆಲ್ ಬಾಯಿಂದ ಒಂದು, ಅಡುಗೆಮನೆಯ ನಲ್ಲಿಯಿಂದ ಬೆಳಗಿನ ಮೊದಲ ನೀರು ಒಂದು, ಹೀಗೆ ಎರಡು ಕೊಡಿ. ಹಿತ್ತಾಳೆ ನಲ್ಲಿ ಮತ್ತು ಹಳೆಯ ಪಿವಿಸಿ ಪೈಪುಗಳಿಂದಲೂ ಸೀಸ ಬಿಡುತ್ತದೆ, ರಾತ್ರಿಯಿಡೀ ನಿಂತ ನೀರಿನಲ್ಲಿ ಅದು ಕಾಣಿಸುತ್ತದೆ.